ಒಂದು ಫಲಕ, ಎರಡು ಸರ್ವೊ: ದೊಡ್ಡ ಮಾದರಿ ವಿಮಾನಗಳಲ್ಲಿ ಹೊಂದಾಣಿಕೆಯ ಲೆಕ್ಕ

ರೇಡಿಯೊ ಸಂಕೇತಗಳಿಂದ ನೆಲದ ಮೇಲೆ ನಿಂತು ಹಾರಿಸುವ ಮಾದರಿ ವಿಮಾನಗಳಲ್ಲಿ ಅಂಗೈಯಗಲದವುಗಳಿಂದ ಹಿಡಿದು ಮೂರು ಮೀಟರ್ ರೆಕ್ಕೆಯವುಗಳವರೆಗೆ ಹಲವು ಗಾತ್ರಗಳಿದ್ದು, ಗಾತ್ರ ಹೆಚ್ಚಿದಂತೆಲ್ಲ ಅವುಗಳ ಒಳಗಿನ ಯಂತ್ರವ್ಯವಸ್ಥೆ ನಿಜವಾದ ವಿಮಾನದ ವ್ಯವಸ್ಥೆಗೆ ಹತ್ತಿರವಾಗುತ್ತ ಹೋಗುತ್ತದೆ. ಅಮೆರಿಕದ ಇಂಟರ್‌ನ್ಯಾಷನಲ್ ಮಿನಿಯೇಚರ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ರೂಪಿಸಿದ ಅಳತೆಯ ಪ್ರಕಾರ, ಒಂದೇ ಸಾಲು ರೆಕ್ಕೆಯ ಮಾದರಿಗೆ 80 ಇಂಚು, ಮೇಲೊಂದು ಕೆಳಗೊಂದು ಸಾಲು ರೆಕ್ಕೆಯಿರುವ ಮಾದರಿಗೆ 60 ಇಂಚು ಹರವಿದ್ದರೆ ಅದು ದೈತ್ಯ ಗಾತ್ರದ ವರ್ಗಕ್ಕೆ ಸೇರುತ್ತದೆ. ಈ ವರ್ಗದ ದೊಡ್ಡ ಕಸರತ್ತಿನ ವಿಮಾನಗಳು 100ರಿಂದ 200 ಸಿಸಿಯ ಪೆಟ್ರೋಲ್ ಎಂಜಿನ್ ಹೊತ್ತು 12ರಿಂದ 18 ಕಿಲೋ ತೂಗುವುದರಿಂದ, ಅವು ಹಿಡಿತ ತಪ್ಪಿದರೆ ಆಗುವ ಹಾನಿ ಆಟಿಕೆ ಬಿದ್ದಷ್ಟು ಹಗುರವಾಗಿರುವುದಿಲ್ಲ. ಆ ಹಿಡಿತದ ಹೊಣೆ ಸರ್ವೊ ಎಂಬ ಸಾಧನದ್ದು. ರೆಕ್ಕೆ ಮತ್ತು ಬಾಲದ ಅಂಚಿನಲ್ಲಿದ್ದು ವಿಮಾನದ ಚಲನೆಯನ್ನು ನಿಯಂತ್ರಿಸುವ ಒಂದೇ ಫಲಕವನ್ನು ಎರಡು ಅಥವಾ ಮೂರು ಸರ್ವೊಗಳು ಕೂಡಿ ತಿರುಗಿಸಬೇಕಾದಾಗ ಅವುಗಳನ್ನು ಪರಸ್ಪರ ಹೊಂದಿಸುವ ಕೆಲಸ ಸುಲಭವೆಂದು ತೋರಿದರೂ, ಅದರಲ್ಲಿ ರೇಖಾಗಣಿತವೂ ವಿದ್ಯುತ್ತಿನ ಲೆಕ್ಕವೂ ಕೂಡಿಕೊಂಡಿವೆ.

ಈ ವಿದ್ಯೆ ಕರ್ನಾಟಕಕ್ಕೆ ಹೊರಗಿನದೇನೂ ಅಲ್ಲ. ಲಕ್ಷ್ಯ, ನಿಶಾಂತ್, ರುಸ್ತುಂ ಮುಂತಾದ ಪೈಲಟ್‌ರಹಿತ ವಿಮಾನಗಳು ರೂಪುಗೊಂಡದ್ದು ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ. ಅಂಥ ವಿಮಾನಗಳ ಪರೀಕ್ಷೆಗಾಗಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ 2017ರಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಗೊಂಡಿತು. ಸಂಕೇತ ಬಂದೊಡನೆ ಫಲಕವನ್ನು ನಿಗದಿತ ಕೋನಕ್ಕೆ ತಿರುಗಿಸಿ, ಗಾಳಿಯ ಒತ್ತಡಕ್ಕೆ ಜಗ್ಗದಂತೆ ಹಿಡಿದಿಡಬೇಕೆಂಬ ಸಮಸ್ಯೆ ಅಲ್ಲಿಯೂ ಹವ್ಯಾಸಿಯ ಕೆಲಸದ ಮೇಜಿನ ಮೇಲೂ ಒಂದೇ. ಎನ್‌ಸಿಸಿಯ ವಾಯು ವಿಭಾಗದ ಕೆಡೆಟ್‌ಗಳಿಗೆ ಮಾದರಿ ವಿಮಾನ ತಯಾರಿಕೆ ತರಬೇತಿಯ ಭಾಗವಾಗಿದೆ. ಹಾವೇರಿಯ ದೇವಗಿರಿಯಲ್ಲಿರುವ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ರಾಣೆಬೆನ್ನೂರಿನ ಶ್ರೀ ತರಳಬಾಳು ಜಗದ್ಗುರು ತಾಂತ್ರಿಕ ಮಹಾವಿದ್ಯಾಲಯಗಳಂಥ ಕಡೆ ಓದುವ ವಿದ್ಯಾರ್ಥಿಗಳಿಗೆ ಬೇಕಾಗುವ ಉಪಕರಣಗಳೂ ದೊಡ್ಡವಲ್ಲ. ಒಂದು ಮಲ್ಟಿಮೀಟರ್, ಒಂದು ಕೋನಮಾಪಕ ಮತ್ತು ಒಂದು ಸರ್ವೊ ಪ್ರೋಗ್ರಾಮರ್ ಇದ್ದರೆ ಅಭ್ಯಾಸ ಆರಂಭಿಸಬಹುದು.

ಸರ್ವೊದ ಒಳಗೆ

ಸುಮಾರು 40 ಮಿಲಿಮೀಟರ್ ಉದ್ದ, 20 ಮಿಲಿಮೀಟರ್ ಅಗಲದ ಪುಟ್ಟ ಪೆಟ್ಟಿಗೆಯೊಳಗೆ ಒಂದು ಮೋಟರ್, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗೇರ್‌ಗಳ ಸರಣಿ, ಹೊರ ಅಚ್ಚು ಯಾವ ಕೋನದಲ್ಲಿದೆಯೆಂದು ತಿಳಿಸುವ ಪೊಟೆನ್ಶಿಯೋಮೀಟರ್ ಮತ್ತು ಇವನ್ನೆಲ್ಲ ಆಳುವ ಒಂದು ಸರ್ಕ್ಯೂಟ್ ಕೂಡಿದರೆ ಸರ್ವೊ ಆಗುತ್ತದೆ. ವಿಮಾನದಲ್ಲಿರುವ ರಿಸೀವರ್ ಸಾಮಾನ್ಯವಾಗಿ ಸೆಕೆಂಡಿಗೆ 50 ಬಾರಿ ಒಂದು ವಿದ್ಯುತ್ ಸ್ಪಂದನವನ್ನು ಕಳಿಸುತ್ತದೆ. ಅದರ ಅವಧಿ 1500 ಮೈಕ್ರೊಸೆಕೆಂಡ್ ಆಸುಪಾಸಿನಲ್ಲಿದ್ದರೆ ಸರ್ವೊ ನಡುವಿನ ಸ್ಥಾನದಲ್ಲಿ ನಿಲ್ಲುತ್ತದೆ. 1000ದ ಕಡೆಗೆ ಇಳಿದರೆ ಒಂದು ಬದಿಗೂ 2000ದ ಕಡೆಗೆ ಏರಿದರೆ ಇನ್ನೊಂದು ಬದಿಗೂ ತಿರುಗುತ್ತದೆ. ಹಳೆಯ ಅನಲಾಗ್ ಸರ್ವೊ ಪ್ರತಿ ಸ್ಪಂದನಕ್ಕೊಮ್ಮೆ, ಅಂದರೆ 20 ಮಿಲಿಸೆಕೆಂಡಿಗೊಮ್ಮೆ ಮಾತ್ರ ಮೋಟರಿಗೆ ವಿದ್ಯುತ್ ನೀಡಿದರೆ, ಡಿಜಿಟಲ್ ಸರ್ವೊದಲ್ಲಿರುವ ಮೈಕ್ರೊಪ್ರೊಸೆಸರ್ ಸೆಕೆಂಡಿಗೆ ಸುಮಾರು 300 ಬಾರಿ ಅಥವಾ ಅದಕ್ಕೂ ಹೆಚ್ಚು ಬಾರಿ ಆ ಕೆಲಸ ಮಾಡುತ್ತದೆ. ಆದ್ದರಿಂದ ಡಿಜಿಟಲ್ ಸರ್ವೊ ಅತಿ ಸಣ್ಣ ವ್ಯತ್ಯಾಸವನ್ನೂ ಪೂರ್ಣ ಬಲದಿಂದ ಸರಿಪಡಿಸಲು ಹೊರಡುತ್ತದೆ. ಫಲಕವನ್ನು ಬಿಗಿಯಾಗಿ ಹಿಡಿಯುವ ಈ ಗುಣಕ್ಕಾಗಿ ಅದನ್ನು ದೊಡ್ಡ ವಿಮಾನಗಳಲ್ಲಿ ಬಳಸುತ್ತಾರೆ. ಜೋಡಿಯಾಗಿ ಕಟ್ಟಿದಾಗ ತೊಂದರೆ ಹುಟ್ಟುವುದೂ ಇದೇ ಗುಣದಿಂದ.

ಸರ್ವೊದ ಬಲವನ್ನು ಟಾರ್ಕ್ ಎಂದು ಕರೆದು ಕಿಲೋ-ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಅಚ್ಚಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಅದು ಎಷ್ಟು ಕಿಲೋ ತೂಕವನ್ನು ತಡೆದು ನಿಲ್ಲಿಸಬಲ್ಲದು ಎಂಬುದು ಇದರ ಅರ್ಥ. ಬಹುಕಾಲ ಬಳಕೆಯಲ್ಲಿದ್ದ, ಹೈಟೆಕ್ ಕಂಪನಿಯ ಎಚ್‌ಎಸ್-7955 ಎಂಬ ಟೈಟೇನಿಯಂ ಗೇರಿನ ಸರ್ವೊ 6 ವೋಲ್ಟಿನಲ್ಲಿ 24 ಕಿಲೋ-ಸೆಂಟಿಮೀಟರ್ ಟಾರ್ಕ್ ನೀಡುತ್ತದೆ, ಅದರ ಅಚ್ಚಿಗೆ 2.5 ಸೆಂಟಿಮೀಟರ್ ಉದ್ದದ ಆರ್ಮ್, ಅಂದರೆ ಸನ್ನೆತೋಳು, ತೊಡಿಸಿದರೆ ಆರ್ಮಿನ ತುದಿಯಲ್ಲಿ 9.6 ಕಿಲೋ ಎಳೆತ ಸಿಗುತ್ತದೆ. ಮೂರು ಮೀಟರ್ ಹರವಿನ ವಿಮಾನದ ಅಗಲವಾದ ಐಲರಾನನ್ನು, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಫಲಕವನ್ನು, ವೇಗದಲ್ಲಿ ಪೂರ್ತಿ ಬಾಗಿಸಲು ಇಂಥ ಒಂದು ಸರ್ವೊ ಸಾಲದೆ ಬರುವುದರಿಂದ ಒಂದೇ ಫಲಕಕ್ಕೆ ಎರಡು ಸರ್ವೊಗಳನ್ನೂ, ಬಾಲದ ಚುಕ್ಕಾಣಿಗೆ ಕೆಲವೊಮ್ಮೆ ಮೂರನ್ನೂ ಜೋಡಿಸುತ್ತಾರೆ.

ಒಂದೇ ನೊಗಕ್ಕೆ ಹೂಡಿದ ಎತ್ತುಗಳಲ್ಲಿ ಒಂದು ಬಲಕ್ಕೂ ಒಂದು ಎಡಕ್ಕೂ ಜಗ್ಗಿದರೆ ಉಳುಮೆ ಸಾಗದೆ ಎತ್ತುಗಳು ಮಾತ್ರ ದಣಿಯುವಂತೆ, ಹೊಂದಿಕೆಯಿಲ್ಲದ ಎರಡು ಡಿಜಿಟಲ್ ಸರ್ವೊಗಳು ತಾನು ನಿಲ್ಲಬೇಕಾದ ಕೋನವೇ ಸರಿಯೆಂದು ಒಂದರೊಡನೊಂದು ಸೆಣಸುತ್ತವೆ. ಫಲಕ ಅಲುಗದೆ ನಿಂತಿದ್ದರೂ ಎರಡು ಮೋಟರುಗಳಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಸರ್ವೊ ಬಿಸಿಯೇರುತ್ತದೆ, ಗೇರಿನ ಹಲ್ಲು ಸವೆಯುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ. ಗುಂಯ್‌ಗುಡುವ ಸದ್ದೊಂದೇ ಇದರ ಹೊರಲಕ್ಷಣವಾಗಿದ್ದು, ಡಿಜಿಟಲ್ ಸರ್ವೊ ಸಹಜವಾಗಿಯೂ ಸ್ವಲ್ಪ ಸದ್ದು ಮಾಡುವುದರಿಂದ ಕಿವಿಯೊಂದನ್ನೇ ನಂಬುವಂತಿಲ್ಲ.

ಹಲ್ಲುಗಳ ಗಣಿತ

ಹೊಂದಾಣಿಕೆ ತಪ್ಪುವ ಮೊದಲ ಜಾಗ ಸರ್ವೊದ ಅಚ್ಚಿನ ತುದಿ. ಆರ್ಮ್ ಜಾರದಿರಲೆಂದು ಅಚ್ಚಿನ ಸುತ್ತ ಸಣ್ಣ ಹಲ್ಲುಗಳಿರುತ್ತವೆ. ಹೈಟೆಕ್‌ನ ಹಲವು ಸರ್ವೊಗಳಲ್ಲಿ ಇವು 24, ಫುಟಾಬಾ ಸರ್ವೊಗಳಲ್ಲಿ 25, ಜೆಆರ್ ಸರ್ವೊಗಳಲ್ಲಿ 23. ಹಲ್ಲುಗಳು 24 ಇದ್ದರೆ ಒಂದು ಹಲ್ಲಿಗೆ 15 ಡಿಗ್ರಿಯಾಗುವುದರಿಂದ, ಆರ್ಮ್ ಬಯಸಿದ ಕೋನಕ್ಕಿಂತ 7.5 ಡಿಗ್ರಿಯವರೆಗೆ ಆಚೀಚೆ ಕೂರಬಹುದು. ಕೂಡಿಕೆಯ ಗುರುತಿನಂತೆ ನಾಲ್ಕು ತೋಳುಗಳಿರುವ ಆರ್ಮನ್ನು ತಂದು ತೋಳು ಬದಲಿಸಿ ನೋಡಿದರೂ, 24 ಸಂಖ್ಯೆ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಪ್ರತಿ ತೋಳಿನಲ್ಲೂ ಅದೇ ವ್ಯತ್ಯಾಸ ಉಳಿಯುತ್ತದೆ. 25 ಹಲ್ಲಿನ ಅಚ್ಚಿನಲ್ಲಿ ಹಾಗಲ್ಲ. ಪ್ರತಿ ತೋಳೂ ಕಾಲು ಹಲ್ಲಿನಷ್ಟು ಬೇರೆ ಕೋನದಲ್ಲಿ ಕೂರುವುದರಿಂದ 3.6 ಡಿಗ್ರಿಗಳ ಮೆಟ್ಟಿಲು ಸಿಕ್ಕಿ, ಸರಿಯಾದ ತೋಳನ್ನು ಆರಿಸಿದರೆ ತಪ್ಪು 1.8 ಡಿಗ್ರಿಯೊಳಗೆ ಉಳಿಯುತ್ತದೆ. 2.5 ಸೆಂಟಿಮೀಟರ್ ಆರ್ಮಿನ ತುದಿಯಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 0.44 ಮಿಲಿಮೀಟರ್ ಚಲನೆ, ಆದ್ದರಿಂದ 7.5 ಡಿಗ್ರಿಯ ತಪ್ಪು ಮೂರು ಮಿಲಿಮೀಟರಿಗೂ ಮಿಗಿಲಾಗಿ, ಜೋಡಿಯ ಇನ್ನೊಂದು ಸರ್ವೊವನ್ನು ಎಡೆಬಿಡದೆ ಸೆಣಸಲು ಹಚ್ಚುವಷ್ಟು ದೊಡ್ಡದಾಗುತ್ತದೆ.

ಈ ತಪ್ಪನ್ನು ನಿವಾರಿಸಲು ಮೊದಲು ಯಾಂತ್ರಿಕ ಭಾಗವನ್ನು ಸರಿಪಡಿಸಿಕೊಳ್ಳಬೇಕು. ಜೋಡಿಯ ಎರಡೂ ಆರ್ಮುಗಳ ಉದ್ದ, ಎರಡೂ ಪುಶ್‌ರಾಡುಗಳ ಅಂದರೆ ಆರ್ಮನ್ನು ಫಲಕಕ್ಕೆ ಜೋಡಿಸುವ ಕಡ್ಡಿಗಳ ಉದ್ದ, ಫಲಕದ ಮೇಲಿನ ಹಾರ್ನುಗಳ ಅಂದರೆ ಪುಶ್‌ರಾಡ್ ಬಂದು ಸೇರುವ ಕೊಂಬುಗಳ ಎತ್ತರ ಮತ್ತು ಕೀಲಿನ ರೇಖೆಯಿಂದ ಅವುಗಳ ದೂರ ಒಂದೇ ಆಗಿರಬೇಕು. ನಡುಸ್ಥಾನದಲ್ಲಿ ಆರ್ಮ್ ಮತ್ತು ಪುಶ್‌ರಾಡ್ ಲಂಬಕೋನದಲ್ಲಿರಬೇಕು, ಕೀಲುಗಳಲ್ಲಿ ಸಡಿಲ ಇರಬಾರದು. ಸಡಿಲ ಉಳಿದರೆ ಫಲಕ ವೇಗದಲ್ಲಿ ತಾನಾಗಿ ಕಂಪಿಸಲು ತೊಡಗಿ, ಫ್ಲಟರ್ ಎಂಬ ಈ ಕಂಪನವು ಕ್ಷಣಗಳಲ್ಲಿ ಫಲಕವನ್ನೇ ಕಿತ್ತೊಗೆಯಬಲ್ಲದು.

ಪ್ರೋಗ್ರಾಮ್ ಮಾಡುವ ಕ್ರಮ

ಯಾಂತ್ರಿಕವಾಗಿ ಉಳಿದ ಸಣ್ಣ ವ್ಯತ್ಯಾಸವನ್ನು ತೆಗೆಯುವುದು ಪ್ರೋಗ್ರಾಮಿನ ಕೆಲಸ. ಎರಡು ಸರ್ವೊಗಳು ಕವಲು ತಂತಿಯ ಮೂಲಕ ರಿಸೀವರಿನ ಒಂದೇ ಚಾನೆಲಿಗೆ ಸೇರಿದ್ದರೆ, ಹಾರಿಸುವವರ ಕೈಯಲ್ಲಿರುವ ಟ್ರಾನ್ಸ್‌ಮೀಟರಿನಲ್ಲಿ ಮಾಡುವ ಬದಲಾವಣೆ ಎರಡಕ್ಕೂ ಸಮನಾಗಿ ತಗಲುವುದರಿಂದ ಅವುಗಳ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಆಗ ಇರುವ ದಾರಿಗಳು ಮೂರು: ಪ್ರತಿ ಸರ್ವೊಗೆ ಬೇರೆ ಚಾನೆಲ್ ಕೊಟ್ಟು ಟ್ರಾನ್ಸ್‌ಮೀಟರಿನಲ್ಲಿ ಬೆರೆಸುವುದು, ಜೆಆರ್ ಮ್ಯಾಚ್‌ಬಾಕ್ಸ್‌ನಂಥ ಹೊಂದಾಣಿಕೆ ಪೆಟ್ಟಿಗೆಯನ್ನು ನಡುವೆ ಇಡುವುದು, ಇಲ್ಲವೆ ಹೈಟೆಕ್‌ನ ಡಿಪಿಸಿ-11ರಂಥ ಪ್ರೋಗ್ರಾಮರಿನಿಂದ ಸರ್ವೊದ ಸ್ಮೃತಿಯಲ್ಲಿಯೇ ಅಳತೆಗಳನ್ನು ಬರೆಯುವುದು. ಹೀಗೆ ಬರೆಯಬಹುದಾದ ಅಳತೆಗಳಲ್ಲಿ ತಿರುಗುವ ದಿಕ್ಕು, ನಡುಬಿಂದು, ಎರಡು ಬದಿಯ ಕೊನೆಬಿಂದುಗಳು, ವೇಗ ಮತ್ತು ಡೆಡ್‌ಬ್ಯಾಂಡ್ ಮುಖ್ಯವಾದವು. ಎಷ್ಟು ಸಣ್ಣ ವ್ಯತ್ಯಾಸವನ್ನು ಸರ್ವೊ ಲೆಕ್ಕಿಸದೆ ಬಿಡಬೇಕು ಎಂಬ ಅಂತರವೇ ಡೆಡ್‌ಬ್ಯಾಂಡ್. ಅದು ತೀರ ಕಿರಿದಾದರೆ ಜೋಡಿಯಲ್ಲಿ ಸೆಣಸಾಟ ಹೆಚ್ಚುತ್ತದೆ, ತೀರ ಹಿರಿದಾದರೆ ಫಲಕದ ಹಿಡಿತ ಸಡಿಲುತ್ತದೆ. ಅತಿಭಾರ ಬಿದ್ದಾಗ ಬಲ ತಗ್ಗಿಸಿ ಮೋಟರನ್ನು ಕಾಯುವ ಸೌಲಭ್ಯವೂ ಕೆಲವು ಸರ್ವೊಗಳಲ್ಲಿದೆ. ಆದರೆ ಅದು ಜೋಡಿಯ ಒಂದರಲ್ಲಿ ಮಾತ್ರ ಚಾಲೂ ಆಗಿದ್ದರೆ ಹಾರಾಟದ ನಡುವೆ ಇಡೀ ಭಾರ ಇನ್ನೊಂದರ ಮೇಲೆ ಬೀಳುತ್ತದೆ.

ಕ್ರಮ ತಪ್ಪಿದರೆ ಮಾಡಿದ ಕೆಲಸ ಮತ್ತೆ ಮಾಡಬೇಕಾಗುತ್ತದೆ. ನಡುಬಿಂದುವನ್ನು ಸರಿಸಿದರೆ ಕೊನೆಬಿಂದುಗಳೂ ಸರಿಯುವುದರಿಂದ ಮೊದಲು ದಿಕ್ಕು, ಅನಂತರ ನಡು, ಕೊನೆಗೆ ತುದಿಗಳು ಎಂಬ ಅನುಕ್ರಮವನ್ನು ಪಾಲಿಸಬೇಕು. ರಿಸೀವರಿಗೆ ಬ್ಯಾಟರಿಯಿಂದ ಬರುವ ತಂತಿಯ ನಡುವೆ ಮಲ್ಟಿಮೀಟರನ್ನು ಆಂಪಿಯರ್ ಅಳೆಯುವಂತೆ ಜೋಡಿಸಿ, ಪುಶ್‌ರಾಡುಗಳನ್ನು ಬಿಚ್ಚಿಟ್ಟಾಗ ಎಷ್ಟು ವಿದ್ಯುತ್ ಹರಿಯುತ್ತದೆಂದು ಬರೆದುಕೊಳ್ಳಬೇಕು. ಮೊದಲ ಸರ್ವೊವನ್ನು ಫಲಕಕ್ಕೆ ಜೋಡಿಸಿ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಎರಡನೆಯದರ ಪುಶ್‌ರಾಡ್ ಯಾವ ಒತ್ತಡವೂ ಇಲ್ಲದೆ ಹಾರ್ನಿನ ರಂಧ್ರಕ್ಕೆ ಸರಿಯಾಗಿ ಬಂದು ನಿಲ್ಲುವಂತೆ ನಡುಬಿಂದುವನ್ನು ತಿದ್ದಬೇಕು. ಜೋಡಿಸಿದ ಮೇಲೆ ಮೀಟರಿನ ಅಂಕಿ ಹೆಚ್ಚಿದರೆ ಅದು ಅತ್ಯಂತ ಕಡಿಮೆಯಾಗುವವರೆಗೆ ತಿದ್ದುಪಡಿ ಮುಂದುವರಿಸಿ, ಅದೇ ರೀತಿ ಎರಡು ತುದಿಗಳನ್ನೂ ಹೊಂದಿಸಬೇಕು.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ಭಾವಿಸುವುದು ಸಾಮಾನ್ಯ ತಪ್ಪು. ಪ್ರೋಗ್ರಾಮ್ ತಿದ್ದುವುದು ನಡು ಮತ್ತು ಎರಡು ತುದಿಗಳೆಂಬ ಮೂರು ಬಿಂದುಗಳನ್ನು ಮಾತ್ರ. ಅವುಗಳ ನಡುವಿನ ಚಲನೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಆರ್ಮ್, ಪುಶ್‌ರಾಡ್ ಮತ್ತು ಹಾರ್ನುಗಳ ರೇಖಾಗಣಿತ. ಮೂರೂ ಬಿಂದುಗಳಲ್ಲಿ ಮೀಟರ್ ತಗ್ಗಿದ್ದು ಅರ್ಧ ಬಾಗುವಿಕೆಯಲ್ಲಿ ಏರಿದರೆ, ಆರ್ಮುಗಳ ಕೋನ ಅಥವಾ ಹಾರ್ನುಗಳ ಅಳತೆಯಲ್ಲಿ ವ್ಯತ್ಯಾಸವಿದೆಯೆಂದು ತಿಳಿಯಬೇಕು. ಮೂರೇ ಬಿಂದುಗಳನ್ನು ಬಲ್ಲ ಪ್ರೋಗ್ರಾಮರ್ ಅದನ್ನು ಮುಚ್ಚಲಾರದು, ಸ್ಕ್ರೂಡ್ರೈವರ್ ಹಿಡಿದು ಜೋಡಣೆಯನ್ನೇ ಬಿಚ್ಚಿ ಸರಿಪಡಿಸಬೇಕಾಗುತ್ತದೆ.

ವಿದ್ಯುತ್ತು, ಬಿಸಿಲು ಮತ್ತು ಬಯಲು

ಈ ದರ್ಜೆಯ ಸರ್ವೊ ಪೂರ್ಣ ಭಾರದಲ್ಲಿ ಸ್ತಬ್ಧವಾದಾಗ ನಾಲ್ಕೈದು ಆಂಪಿಯರ್ ಎಳೆಯಬಹುದಾದ್ದರಿಂದ, ಏಳೆಂಟು ಸರ್ವೊಗಳಿರುವ ವಿಮಾನದಲ್ಲಿ ಸಪೂರ ತಂತಿ ಮತ್ತು ಒಂದೇ ಸಣ್ಣ ಬ್ಯಾಟರಿ ಅಪಾಯಕಾರಿ. ವೋಲ್ಟೇಜ್ ಕ್ಷಣಕಾಲ ಕುಸಿದರೂ 2.4 ಗಿಗಾಹರ್ಟ್ಸ್‌ನ ರಿಸೀವರ್ ಆರಿ ಮತ್ತೆ ಆರಂಭವಾಗಬಹುದು, ಆ ಹೊತ್ತಿನಲ್ಲಿ ವಿಮಾನ ಯಾರ ಮಾತನ್ನೂ ಕೇಳುವುದಿಲ್ಲ. ಆದ್ದರಿಂದ ಎರಡು ಬ್ಯಾಟರಿ, ಎರಡು ಸ್ವಿಚ್, ರೆಕ್ಕೆಯವರೆಗೆ ದಪ್ಪ ತಂತಿ ಎಂಬುದು ರೂಢಿಯಾಗಿದೆ. 6 ವೋಲ್ಟಿಗೆ ರೂಪಿಸಿದ ಸರ್ವೊಗೆ, ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ಇರುವ ಎರಡು ಕೋಶದ ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ರೆಗ್ಯುಲೇಟರ್ ಇಲ್ಲದೆ ಜೋಡಿಸುವಂತಿಲ್ಲ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಸುಗ್ಗಿ ಮುಗಿದು ಹೊಲಗಳು ತೆರವಾಗುವ ಕಾಲ ಹಾರಾಟಕ್ಕೆ ಬಯಲನ್ನು ಒದಗಿಸಿದರೂ, ಅದೇ ಕಾಲದ ಬಿಸಿಲು ಮತ್ತು ಎರೆಮಣ್ಣಿನ ಧೂಳು ಸರ್ವೊಗಳಿಗೆ ಹಿತವಲ್ಲ. ಬೆಳಗಿನ ತಂಪಿನಲ್ಲಿ ಮೇಜಿನ ಮೇಲೆ ಹೊಂದಿಸಿದ ಜೋಡಿ, ಮಧ್ಯಾಹ್ನದ ಬಿಸಿಲಿಗೆ ಕಾದ ವಿಮಾನದೊಳಗೆ ಅಷ್ಟೇ ನಿಖರವಾಗಿ ಉಳಿಯುತ್ತದೆಂದು ಹೇಳಲಾಗದು. ಧೂಳು ಕೀಲುಗಳಲ್ಲಿ ಸೇರಿ ಚಲನೆಯನ್ನು ಬಿಗಿಗೊಳಿಸುತ್ತದೆ. ಹೀಗಾಗಿ ವಿದ್ಯುತ್ತಿನ ಅಳತೆಯನ್ನು ಬಯಲಿನಲ್ಲಿಯೂ ಒಮ್ಮೆ ತೆಗೆದು ಮೇಜಿನ ಅಳತೆಯೊಡನೆ ಹೋಲಿಸುವುದು ಒಳ್ಳೆಯದು.

ಜಾಗದ ಆಯ್ಕೆಗೆ ಕಾನೂನಿನ ಗಡಿಯೂ ಇದೆ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು, 25 ಕಿಲೋ ಮೀರದ, ಕಣ್ಣಳತೆಯೊಳಗೆ ಕಲಿಕೆ, ಸಂಶೋಧನೆ ಅಥವಾ ಮನರಂಜನೆಗಾಗಿ ಹಾರಿಸುವ ವಿಮಾನಗಳನ್ನು ಮಾದರಿ ವಿಮಾನಗಳೆಂದು ಗುರುತಿಸಿ, ಅವುಗಳಿಗೆ ಟೈಪ್ ಸರ್ಟಿಫಿಕೇಟ್ ಎಂಬ ವಿನ್ಯಾಸದ ಪ್ರಮಾಣಪತ್ರದಿಂದ ವಿನಾಯಿತಿ ನೀಡಿವೆ. ಹಾರಿಸುವ ಮುನ್ನ ಆ ಜಾಗ ಹಾರಾಟದ ನಿರ್ಬಂಧವನ್ನು ಸೂಚಿಸುವ ಹಸಿರು, ಹಳದಿ, ಕೆಂಪು ವಲಯಗಳಲ್ಲಿ ಯಾವುದಕ್ಕೆ ಸೇರುತ್ತದೆಂದು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಬೇಕು. 1974ರಿಂದ ಕೃಷ್ಣಮೃಗಗಳಿಗೆ ಮೀಸಲಾಗಿರುವ, ಸುಮಾರು 119 ಚದರ ಕಿಲೋಮೀಟರ್ ವಿಸ್ತೀರ್ಣದ ರಾಣೆಬೆನ್ನೂರು ಅಭಯಾರಣ್ಯದ ಸುತ್ತಲಿನ ಬಯಲುಗಳನ್ನು, ಅವು ಎಷ್ಟೇ ಅನುಕೂಲವಾಗಿ ತೋರಿದರೂ, ಆಯ್ಕೆಯಿಂದ ದೂರವಿಡುವುದು ವಿವೇಕ.

ಪ್ರತಿ ಜೋಡಿಗೂ ನಡು, ಅರ್ಧ ಮತ್ತು ತುದಿಗಳಲ್ಲಿ ಸಿಕ್ಕ ಮಿಲಿಆಂಪಿಯರ್ ಅಂಕಿಗಳನ್ನು ದಿನಾಂಕದೊಡನೆ ಬರೆದಿಟ್ಟ ಪುಸ್ತಕ ಹವ್ಯಾಸಿಯ ಬಳಿ ಇರಬೇಕು. ಕಳೆದ ಸಲಕ್ಕಿಂತ ಅಂಕಿ ಏರಿದ್ದರೆ ಸವೆದ ಗೇರು, ಬಾಗಿದ ಪುಶ್‌ರಾಡು ಅಥವಾ ಕೈಕೊಡಲಿರುವ ಸರ್ವೊ ಯಾವುದೋ ಒಂದು ಅದರ ಹಿಂದಿರುತ್ತದೆ. ಕಾರಣ ಪತ್ತೆಯಾಗುವವರೆಗೆ ಪ್ರೋಗ್ರಾಮಿನಲ್ಲಿ ಅಂಕಿಯನ್ನು ತಿದ್ದಿ ಸದ್ದಡಗಿಸುವುದು ಪರಿಹಾರವಲ್ಲ. ಆ ದಿನ ವಿಮಾನವನ್ನು ನೆಲದ ಮೇಲೆಯೇ ಇರಿಸುವುದು ಸರಿಯಾದ ನಿರ್ಧಾರ.