ಸಂಚಾರಿ ಮನೆಗೆ ಬಿರುಗಾಳಿಯ ಮುನ್ಸೂಚನೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತೀವ್ರ ಹವಾಮಾನದ ಎಚ್ಚರಿಕೆಗಳನ್ನು ಸ್ಥಳಗಳ ಹೆಸರು ಹಿಡಿದು ಹೊರಡಿಸುತ್ತಾರೆ. ಇಂಥ ಕೌಂಟಿಯ ಈಶಾನ್ಯ ಭಾಗ, ಇಂಥ ಪಟ್ಟಣದಿಂದ ಇಷ್ಟು ಮೈಲಿ ಪಶ್ಚಿಮಕ್ಕೆ ಎಂಬ ವಿವರಗಳೊಂದಿಗೆ ಬರುವ ಪ್ರಕಟಣೆ ಅಲ್ಲಿಯೇ ನೆಲೆಸಿದವರಿಗೆ ಕೇಳಿದೊಡನೆ ಅರ್ಥವಾಗುತ್ತದೆ; ಆದರೆ ಕ್ಯಾಂಪರ್‌ನಲ್ಲಿ, ಅಂದರೆ ಮಲಗುವುದಕ್ಕೂ ಅಡುಗೆ ಮಾಡುವುದಕ್ಕೂ ಅನುಕೂಲವಿರುವ ಸಂಚಾರಿ ಮನೆಯಲ್ಲಿ, ದಿನಕ್ಕೊಂದು ಊರು ದಾಟುವವರಿಗೆ ರಾತ್ರಿ ತಂಗಿದ ಕೌಂಟಿಯ ಹೆಸರೇ ಅನೇಕ ವೇಳೆ ತಿಳಿದಿರುವುದಿಲ್ಲ. ಕೌಂಟಿ ಎಂಬುದು ಸ್ಥೂಲವಾಗಿ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಅಂಥವು ಆ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚಿವೆ. ಬೇಸಿಗೆಯಲ್ಲಿ ಊರಿನಿಂದ ಬಂದ ತಂದೆತಾಯಿಯರನ್ನು ಕರೆದುಕೊಂಡು ಬಾಡಿಗೆಯ ಕ್ಯಾಂಪರ್‌ನಲ್ಲಿ ಯೆಲ್ಲೋಸ್ಟೋನ್ ಅಥವಾ ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೊರಡುವ ಅಮೆರಿಕದ ಕನ್ನಡ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ.

ವಾಹನದ ರಚನೆಯೂ ಈ ತೊಡಕನ್ನು ಹೆಚ್ಚಿಸುತ್ತದೆ. ಕ್ಯಾಂಪರ್‌ನ ಗೋಡೆಗಳು ತೆಳುವಾದ ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್ ಹಾಳೆಗಳಿಂದ ಆದವು, ಅದಕ್ಕೆ ಅಡಿಪಾಯವಿಲ್ಲ, ಗಾತ್ರಕ್ಕೆ ಹೋಲಿಸಿದರೆ ತೂಕ ಕಡಿಮೆ, ಮತ್ತು ಅದರ ಎತ್ತರವಾದ ಅಗಲ ಪಾರ್ಶ್ವ ಅಡ್ಡಗಾಳಿಗೆ ಹಡಗಿನ ಹಾಯಿಯಂತೆ ಒಡ್ಡಿಕೊಂಡಿರುತ್ತದೆ. ಆದ್ದರಿಂದ ಗಟ್ಟಿಯಾದ ಮನೆಯೊಳಗಿರುವವರು ಕಿಟಕಿ ಮುಚ್ಚಿ ಕಳೆದುಬಿಡುವ ಗಾಳಿಯೂ ಇಲ್ಲಿ ಪ್ರಾಣಾಪಾಯವಾಗಬಹುದು. ತಂಗುದಾಣಗಳಾದರೋ ಸಹಜವಾಗಿಯೇ ರಮ್ಯವಾದ ನದೀತೀರಗಳಲ್ಲಿ, ಕಣಿವೆಗಳ ತಳದಲ್ಲಿ, ಹಳೆಯ ಮರಗಳ ಅಡಿಯಲ್ಲಿ ಇರುತ್ತವೆ. ಪ್ರವಾಸಿಗರನ್ನು ಸೆಳೆಯುವ ಆ ಗುಣಗಳೇ ಹಠಾತ್ ಪ್ರವಾಹಕ್ಕೂ ಮರ ಉರುಳುವುದಕ್ಕೂ ಅವಕಾಶ ಮಾಡಿಕೊಡುತ್ತವೆ.

ಆರ್ಕನ್ಸಾ ರಾಜ್ಯದ ವಾಷಿಟಾ ರಾಷ್ಟ್ರೀಯ ಅರಣ್ಯದಲ್ಲಿ, ಲಿಟ್ಲ್ ಮಿಸೌರಿ ನದಿಯ ದಂಡೆಯ ಮೇಲಿದ್ದ ಆಲ್ಬರ್ಟ್ ಪೈಕ್ ತಂಗುದಾಣದಲ್ಲಿ 2010ರ ಜೂನ್ 11ರ ಮುಂಜಾನೆ ನಡೆದ ದುರಂತವನ್ನು ಈ ವಿಷಯದಲ್ಲಿ ಮರೆಯುವಂತಿಲ್ಲ. ನದಿಯ ಮೇಲ್ಭಾಗದ ಬೆಟ್ಟಗಳಲ್ಲಿ ಸುರಿದ ಮಳೆಯಿಂದ, ನಡುರಾತ್ರಿಯ ಬಳಿಕ ಕೆಲವೇ ಗಂಟೆಗಳಲ್ಲಿ ನೀರಿನ ಮಟ್ಟ ಸುಮಾರು ನಾಲ್ಕು ಅಡಿಯಿಂದ 23 ಅಡಿಗೂ ಮೇಲಕ್ಕೆ ಏರಿ, ಮಲಗಿದ್ದವರಲ್ಲಿ 20 ಮಂದಿ ಪ್ರಾಣ ಕಳೆದುಕೊಂಡರು. ಹವಾಮಾನ ಇಲಾಖೆ ಪ್ರವಾಹದ ಎಚ್ಚರಿಕೆಯನ್ನು ರಾತ್ರಿ ಎರಡು ಗಂಟೆಯ ಸುಮಾರಿಗೇ ಹೊರಡಿಸಿತ್ತು. ಆದರೆ ಆ ಕಣಿವೆಯಲ್ಲಿ ಮೊಬೈಲ್ ಸಂಕೇತ ಸಿಗುತ್ತಿರಲಿಲ್ಲ, ಮಲಗಿದವರನ್ನು ಎಬ್ಬಿಸುವ ಬೇರೆ ಸಾಧನವೂ ಅಲ್ಲಿರಲಿಲ್ಲ. ಹದಿನೈದು ವರ್ಷಗಳ ಬಳಿಕ, 2025ರ ಜುಲೈ 4ರಂದು, ಟೆಕ್ಸಸ್‌ನ ಕೆರ್ ಕೌಂಟಿಯಲ್ಲಿ ಗ್ವಾಡಲೂಪ್ ನದಿ ಉಕ್ಕಿ ನೂರಕ್ಕೂ ಹೆಚ್ಚು ಜನ ಸತ್ತಾಗಲೂ ನದಿ ಪಕ್ಕದ ಕ್ಯಾಂಪರ್ ನಿಲ್ದಾಣಗಳು ಕೊಚ್ಚಿಹೋದವು. ಅಲ್ಲಿಯೂ ಮೊದಲ ಎಚ್ಚರಿಕೆ ಹೊರಟದ್ದು ರಾತ್ರಿ ಒಂದೂಕಾಲರ ಹೊತ್ತಿಗೆ. ಎಚ್ಚರಿಕೆ ಹೊರಡುವುದು ಒಂದು, ಮಲಗಿದವರ ಕಿವಿಗೆ ಅದು ಬೀಳುವುದು ಇನ್ನೊಂದು ಎಂಬುದನ್ನು ಈ ಎರಡು ರಾತ್ರಿಗಳು ತೋರಿಸಿಕೊಟ್ಟಿವೆ.

ಪ್ರಕಟಣೆಗಳಲ್ಲಿ ಎರಡು ಹಂತಗಳಿದ್ದು, ಅವುಗಳ ವ್ಯತ್ಯಾಸವನ್ನು ತಿಳಿದಿರುವುದು ಅವಶ್ಯ. 'ವಾಚ್' ಎಂದರೆ ಸುಂಟರಗಾಳಿ ಅಥವಾ ಬಿರುಸಾದ ಗುಡುಗುಮಳೆ ಹುಟ್ಟಲು ಅನುಕೂಲವಾದ ಸ್ಥಿತಿ ಉಂಟಾಗಿದೆ ಎಂಬ ಸೂಚನೆ; ಓಕ್ಲಹೋಮಾದ ನಾರ್ಮನ್ ನಗರದಲ್ಲಿರುವ ಬಿರುಗಾಳಿ ಮುನ್ಸೂಚನಾ ಕೇಂದ್ರವು ಅನೇಕ ಕೌಂಟಿಗಳನ್ನು ಒಳಗೊಂಡ ದೊಡ್ಡ ಪ್ರದೇಶಕ್ಕೆ, ಹಲವು ಗಂಟೆಗಳ ಅವಧಿಗೆ ಇದನ್ನು ಪ್ರಕಟಿಸುತ್ತದೆ. 'ವಾರ್ನಿಂಗ್' ಎಂದರೆ ಅಪಾಯ ರೇಡಾರ್‌ನಲ್ಲಿ ಕಂಡಿದೆ ಅಥವಾ ಕಣ್ಣಿಗೇ ಬಿದ್ದಿದೆ, ಆಶ್ರಯಕ್ಕೆ ಹೋಗಬೇಕಾದ ಹೊತ್ತು ಇದೇ ಎಂಬ ಆದೇಶ. ಇದನ್ನು ದೇಶದ 122 ಸ್ಥಳೀಯ ಹವಾಮಾನ ಕಚೇರಿಗಳು ಹೊರಡಿಸುತ್ತವೆ. 2007ರ ಅಕ್ಟೋಬರ್ 1ರಿಂದ ವಾರ್ನಿಂಗ್ ಇಡೀ ಕೌಂಟಿಗೆ ಅನ್ವಯಿಸದೆ, ಬಿರುಗಾಳಿಯ ಹಾದಿಯನ್ನು ಅನುಸರಿಸಿ ನಕ್ಷೆಯ ಮೇಲೆ ಎಳೆದ ಬಹುಭುಜಾಕೃತಿಗೆ ಮಾತ್ರ ಅನ್ವಯಿಸುತ್ತದೆ. ಸುಂಟರಗಾಳಿಯ ವಾರ್ನಿಂಗ್‌ಗೂ ಅದು ಬಂದಪ್ಪಳಿಸುವುದಕ್ಕೂ ನಡುವೆ ಸಿಗುವ ಕಾಲ ಸರಾಸರಿ ಹತ್ತು ನಿಮಿಷದ ಆಸುಪಾಸು. ಗಟ್ಟಿ ಮನೆಯವರು ಅಷ್ಟರಲ್ಲಿ ನೆಲಮಾಳಿಗೆಗೆ ಇಳಿಯಬಲ್ಲರು. ಕ್ಯಾಂಪರ್‌ನವರು ಮಕ್ಕಳನ್ನೂ ಹಿರಿಯರನ್ನೂ ಎಬ್ಬಿಸಿ, ಮಳೆಯಲ್ಲಿ ಕತ್ತಲೆಯಲ್ಲಿ ಬೇರೊಂದು ಕಟ್ಟಡಕ್ಕೆ ನಡೆಯಬೇಕು. ಆದ್ದರಿಂದ ಸಂಚಾರಿ ಮನೆಯವರು ಸ್ಥಳ ಬದಲಿಸುವ ತೀರ್ಮಾನವನ್ನು ವಾಚ್ ಹಂತದಲ್ಲಿಯೇ ಮಾಡಬೇಕು.

ಮೊಬೈಲ್ ಫೋನಿಗೆ ಬರುವ ತುರ್ತು ಸಂದೇಶಗಳ ವ್ಯವಸ್ಥೆ ಅಮೆರಿಕದಲ್ಲಿ 2012ರಲ್ಲಿ ಆರಂಭವಾಯಿತು. ಇದು ಸೆಲ್ ಪ್ರಸಾರ ಎಂಬ ತಂತ್ರವನ್ನು ಆಧರಿಸಿದೆ: ಗೋಪುರವು ತನ್ನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಒಮ್ಮೆಗೇ ಸಂದೇಶವನ್ನು ಬಿತ್ತರಿಸುವುದರಿಂದ ಯಾರ ನಂಬರೂ ಬೇಕಾಗುವುದಿಲ್ಲ, ದಟ್ಟಣೆಯಿಂದ ತಡವೂ ಆಗುವುದಿಲ್ಲ. 2023ರಲ್ಲಿ ಭಾರತದಲ್ಲಿ ಇದೇ ತಂತ್ರದ ಪರೀಕ್ಷೆ ನಡೆದಾಗ ಕರ್ನಾಟಕದ ಮೊಬೈಲುಗಳೂ ಏಕಕಾಲಕ್ಕೆ ವಿಚಿತ್ರ ಸದ್ದು ಮಾಡಿದ್ದನ್ನು ಓದುಗರು ನೆನಪಿಸಿಕೊಳ್ಳಬಹುದು. ಪ್ರವಾಸಿಯ ಮಟ್ಟಿಗೆ ಇದರ ದೊಡ್ಡ ಗುಣವೆಂದರೆ ಫೋನು ಎಲ್ಲಿದೆಯೋ ಅಲ್ಲಿಯ ಎಚ್ಚರಿಕೆಯೇ ಬರುತ್ತದೆ, ಕೌಂಟಿಯ ಹೆಸರು ತಿಳಿಯದಿದ್ದರೂ ನಡೆಯುತ್ತದೆ. ಆದರೆ ಗೋಪುರದ ಸಂಕೇತವಿಲ್ಲದ ಕಣಿವೆಯಲ್ಲಿ ಫೋನು ಮೌನವಾಗಿರುತ್ತದೆ, ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು ಮಲಗಿದರೂ ಅಷ್ಟೆ.

ಇದಕ್ಕಿಂತ ಗಂಭೀರವಾದ, ಬಹುಮಂದಿಗೆ ತಿಳಿಯದ ಇನ್ನೊಂದು ಮಿತಿಯೂ ಉಂಟು. ಗಂಟೆಗೆ 58 ಮೈಲಿ, ಅಂದರೆ ಸುಮಾರು 93 ಕಿಲೋಮೀಟರ್ ವೇಗದ ಗಾಳಿ ಅಥವಾ ಒಂದು ಅಂಗುಲ ವ್ಯಾಸದ ಆಲಿಕಲ್ಲು ನಿರೀಕ್ಷಿತವಾದಾಗ ಇಲಾಖೆಯು ಬಿರುಸಾದ ಗುಡುಗುಮಳೆಯ ವಾರ್ನಿಂಗ್ ಹೊರಡಿಸುತ್ತದೆ. ಆದರೆ 2021ರ ಆಗಸ್ಟ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಈ ಬಗೆಯ ವಾರ್ನಿಂಗ್ ತುರ್ತು ಸಂದೇಶವಾಗಿ ಫೋನಿಗೆ ಬರಬೇಕಾದರೆ ಗಾಳಿ ಗಂಟೆಗೆ 80 ಮೈಲಿ, ಅಂದರೆ ಸುಮಾರು 129 ಕಿಲೋಮೀಟರ್ ಮುಟ್ಟುವಂತಿರಬೇಕು ಅಥವಾ ಆಲಿಕಲ್ಲು ಏಳು ಸೆಂಟಿಮೀಟರ್ ದಪ್ಪವಿರಬೇಕು. ಹಠಾತ್ ಪ್ರವಾಹದ ಎಚ್ಚರಿಕೆಗಳಲ್ಲಿಯೂ ಹೆಚ್ಚಿನ ಹಾನಿ ಮಾಡುವಂಥವು ಮಾತ್ರ ಹೀಗೆ ಬರುತ್ತವೆ. ಮೇಲಿಂದ ಮೇಲೆ ಫೋನು ಕಿರುಚಿದರೆ ಜನ ಆ ಸೌಲಭ್ಯವನ್ನೇ ಬಂದ್ ಮಾಡಿಬಿಡುತ್ತಾರೆ ಎಂಬ ಯೋಚನೆ ಇದರ ಹಿಂದಿದೆ, ಮನೆಯಲ್ಲಿರುವವರ ದೃಷ್ಟಿಯಿಂದ ಅದು ಸರಿಯಾದುದೂ ಹೌದು. ಆದರೆ 93 ಮತ್ತು 129 ಕಿಲೋಮೀಟರ್‌ಗಳ ನಡುವಿನ ಗಾಳಿಯೇ ಕ್ಯಾಂಪರ್ ಉರುಳಿಸಲು ಸಾಕಾದೀತು. ಅಂಥ ಗಾಳಿಯ ಬಗ್ಗೆ ಫೋನು ತಾನಾಗಿ ಏನನ್ನೂ ಹೇಳುವುದಿಲ್ಲ. ಕ್ಯಾಂಪರ್ ಪ್ರಯಾಣಿಕರು ಫೋನೊಂದನ್ನೇ ನೆಚ್ಚಿಕೊಳ್ಳಬಾರದು ಎನ್ನಲು ಇದೊಂದೇ ಕಾರಣ ಸಾಕು.

ಈ ಕೊರತೆಯನ್ನು ತುಂಬುವುದು ಹವಾಮಾನ ರೇಡಿಯೊ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆ, ಅಂದರೆ ನೋಆ, ಸಾವಿರಕ್ಕೂ ಹೆಚ್ಚು ಪ್ರಸಾರ ಕೇಂದ್ರಗಳ ಮೂಲಕ 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ತರಂಗಾಂತರಗಳಲ್ಲಿ ಹಗಲಿರುಳೂ ಹವಾಮಾನ ವಾರ್ತೆ ಬಿತ್ತರಿಸುತ್ತದೆ. ಸಾಮಾನ್ಯ ಎಫ್‌ಎಂ ರೇಡಿಯೊಗಳಲ್ಲಿ ಇದು ಸಿಗದು, ಇದಕ್ಕೆಂದೇ ತಯಾರಾದ ಸಾಧನ ಬೇಕು. ಸಮತಟ್ಟಾದ ನೆಲದಲ್ಲಿ ಒಂದು ಕೇಂದ್ರದ ಪ್ರಸಾರ ಸುಮಾರು 40 ಮೈಲಿ ಮುಟ್ಟುತ್ತದೆ. ಎಚ್ಚರಿಕೆ ಹೊರಡುವಾಗ ಪ್ರಸಾರದ ಮೊದಲಿಗೆ ಕೌಂಟಿಯನ್ನು ಸೂಚಿಸುವ ಆರು ಅಂಕಿಗಳ ಸಂಕೇತವೂ ತೀಕ್ಷ್ಣವಾದ ಸ್ವರವೂ ಬರುತ್ತವೆ; ರೇಡಿಯೊದಲ್ಲಿ ತುಂಬಿಟ್ಟ ಸಂಕೇತ ಅದಕ್ಕೆ ಹೊಂದಿದರೆ, ಅಲ್ಲಿಯವರೆಗೆ ಸುಮ್ಮನಿದ್ದ ಯಂತ್ರ ಗಟ್ಟಿಯಾಗಿ ಕೂಗಿ ಮಲಗಿದವರನ್ನು ಎಬ್ಬಿಸುತ್ತದೆ. ಉದಾಹರಣೆಗೆ ಓಕ್ಲಹೋಮಾದ ಕ್ಲೀವ್‌ಲ್ಯಾಂಡ್ ಕೌಂಟಿಯ ಸಂಕೇತ 040027: ಮೊದಲ ಸೊನ್ನೆ ಇಡೀ ಕೌಂಟಿ ಎಂಬುದನ್ನು, 40 ರಾಜ್ಯವನ್ನು, 027 ಕೌಂಟಿಯನ್ನು ಸೂಚಿಸುತ್ತವೆ.

ಪ್ರವಾಸಿಗಳು ಎಡವುವುದು ಇಲ್ಲಿಯೇ. ಮನೆಯಲ್ಲಿದ್ದಾಗ ತುಂಬಿಸಿದ ಸಂಕೇತವನ್ನು ಹಾಗೆಯೇ ಬಿಟ್ಟು ಹೊರಟರೆ, ಐನೂರು ಮೈಲಿ ದೂರದಲ್ಲಿ ಸುಂಟರಗಾಳಿ ಪಕ್ಕದಲ್ಲೇ ಹಾದುಹೋದರೂ ರೇಡಿಯೊ ಬಾಯಿ ಬಿಡದು. ಪ್ರತಿ ಸಂಜೆ ತಂಗುದಾಣದ ಕೌಂಟಿಯ ಮತ್ತು ಅದರ ಪಶ್ಚಿಮ, ನೈರುತ್ಯದ ಕೌಂಟಿಗಳ ಸಂಕೇತಗಳನ್ನು ಹೊಸದಾಗಿ ತುಂಬಬೇಕು, ಏಕೆಂದರೆ ಅಲ್ಲಿನ ಬಿರುಗಾಳಿಗಳು ಹೆಚ್ಚಾಗಿ ಆ ದಿಕ್ಕುಗಳಿಂದಲೇ ಬರುತ್ತವೆ. ಅದು ಬೇಸರವೆನಿಸಿದರೆ, ಎಲ್ಲ ಕೌಂಟಿಗಳ ಎಚ್ಚರಿಕೆಗೂ ಕೂಗುವಂತೆ ಯಂತ್ರವನ್ನು ಹೊಂದಿಸಿಟ್ಟು, ಒಂದೆರಡು ಬಾರಿ ಅನವಶ್ಯಕವಾಗಿ ನಿದ್ದೆಗೆಡುವುದಕ್ಕೆ ಸಿದ್ಧರಾಗಬೇಕು. ಎರಡನೆಯದೇ ಲೇಸು, ಏಕೆಂದರೆ ದಣಿದ ಸಂಜೆಯಲ್ಲಿ ಆರಂಕಿಯ ಸಂಕೇತ ತುಂಬುವುದು ಮರೆತುಹೋಗುವ ಕೆಲಸ. ಪ್ರಬಲವಾದ ತರಂಗಾಂತರವನ್ನು ತಾನೇ ಹುಡುಕಿಕೊಳ್ಳುವ, ಬ್ಯಾಟರಿಯಿಂದಲೂ ನಡೆಯುವ ಸಾಧನವನ್ನು ಆರಿಸಿಕೊಳ್ಳಬೇಕು. ಬೆಟ್ಟಗಳು ಈ ಪ್ರಸಾರವನ್ನೂ ತಡೆಯಬಲ್ಲವಾದ್ದರಿಂದ ಮಲಗುವ ಮುನ್ನ ಧ್ವನಿ ಸ್ಪಷ್ಟವಾಗಿ ಕೇಳುತ್ತಿದೆಯೇ ಎಂದು ನೋಡಬೇಕು; ಫೋನೂ ರೇಡಿಯೊವೂ ಎರಡೂ ಮೂಕವಾಗಿರುವ ನದೀಪಾತ್ರದಲ್ಲಿ ಮಳೆಯ ಮುನ್ಸೂಚನೆ ಇರುವ ರಾತ್ರಿ ತಂಗುವುದು ತರವಲ್ಲ.

ಎಚ್ಚರಿಕೆ ಕೇಳಿದ ಮೇಲೆ ಹೋಗುವುದೆಲ್ಲಿಗೆ ಎಂಬುದನ್ನು ಮುಂಚೆಯೇ ನಿಶ್ಚಯಿಸಿಕೊಂಡಿರಬೇಕು. ತಂಗುದಾಣದ ಕಚೇರಿಯಲ್ಲಿ ಹೆಸರು ಬರೆಸುವಾಗಲೇ ಇದು ಯಾವ ಕೌಂಟಿ, ಬಿರುಗಾಳಿ ಬಂದರೆ ಆಶ್ರಯ ಎಲ್ಲಿ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಅನೇಕ ಕಡೆ ಕಾಂಕ್ರೀಟ್ ಗೋಡೆಯ ಸ್ನಾನಗೃಹವೇ ಸುತ್ತಮುತ್ತ ಸಿಗುವ ಗಟ್ಟಿ ಕಟ್ಟಡ. ಹೆದ್ದಾರಿಯ ಮೇಲ್ಸೇತುವೆಯ ಕೆಳಗೆ ವಾಹನ ನಿಲ್ಲಿಸುವುದು ಮಾತ್ರ ಕೂಡದು, ಅಲ್ಲಿ ಗಾಳಿ ಇನ್ನಷ್ಟು ರಭಸಗೊಳ್ಳುತ್ತದೆ. 1999ರ ಮೇ 3ರಂದು ಓಕ್ಲಹೋಮಾದಲ್ಲಿ ಹಾಗೆ ಆಶ್ರಯ ಪಡೆದವರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಪ್ರವಾಹವಾದರೆ ವಾಹನವನ್ನು ಉಳಿಸುವ ಯೋಚನೆ ಬಿಟ್ಟು ಎತ್ತರದ ನೆಲಕ್ಕೆ ನಡೆದು ಹತ್ತಬೇಕು. ಕೊಲರಾಡೊದ ಬಿಗ್ ಥಾಂಪ್ಸನ್ ಕಣಿವೆಯಲ್ಲಿ 1976ರ ಜುಲೈ 31ರ ರಾತ್ರಿ 140ಕ್ಕೂ ಹೆಚ್ಚು ಜನರನ್ನು ಪ್ರವಾಹ ಬಲಿ ತೆಗೆದುಕೊಂಡ ಮೇಲೆ ಆ ರಾಜ್ಯದ ಕಣಿವೆ ರಸ್ತೆಗಳಲ್ಲಿ ನೆಟ್ಟ ಫಲಕಗಳು ಹೇಳುವುದೂ ಇದನ್ನೇ.

ತುರ್ತು ಸಂದೇಶಗಳು ಬರುವುದು ಇಂಗ್ಲಿಷಿನಲ್ಲಿ ಅಥವಾ ಸ್ಪ್ಯಾನಿಷ್‌ನಲ್ಲಿ. ಆದ್ದರಿಂದ ಕನ್ನಡ ಮಾತ್ರ ಬಲ್ಲ ಹಿರಿಯರನ್ನು ಜೊತೆಗೆ ಕರೆದೊಯ್ಯುವವರು ಆ ಸದ್ದನ್ನು ಅವರಿಗೆ ಮೊದಲೇ ಕೇಳಿಸಿ, ಕೇಳಿದಾಗ ಏನು ಮಾಡಬೇಕೆಂದು ಕನ್ನಡದಲ್ಲಿಯೇ ವಿವರಿಸಿರಬೇಕು. ಕ್ಯಾಂಪರ್ ಬಾಡಿಗೆಗೆ ಪಡೆಯುವಾಗ ಅದರಲ್ಲಿ ಹವಾಮಾನ ರೇಡಿಯೊ ಇದೆಯೇ ಎಂದು ಕೇಳಿ. ಇಲ್ಲವಾದರೆ, ಒಂದು ದಿನದ ಬಾಡಿಗೆಗಿಂತ ಕಡಿಮೆ ಬೆಲೆಗೆ ದೊರೆಯುವ ಆ ಸಾಧನವನ್ನು ಕೊಂಡು, ಹೊರಡುವ ಮುನ್ನವೇ ಬಳಸಲು ಕಲಿತುಕೊಳ್ಳಿ.