ಚೀಟಿಯ ಪ್ರೋಟೀನ್, ಕೋಳಿಯ ಪ್ರೋಟೀನ್

ಶಿಡ್ಲಘಟ್ಟದಲ್ಲಿ ಬೆಳೆದವರಿಗೆ ಆ ವಾಸನೆ ಹೊಸದಲ್ಲ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಹುಳು, ಅಂದರೆ ಪ್ಯೂಪಾ, ಬಿಸಿಲಿಗೆ ಒಣಗುತ್ತಿರುತ್ತದೆ. ಪರಊರಿನವರು ಮೂಗು ಮುಚ್ಚಿಕೊಳ್ಳುತ್ತಾರೆ. 2021ರ ಜುಲೈನಲ್ಲಿ ನಾನು ಆ ವಾಸನೆಯನ್ನೇ ಹುಡುಕಿಕೊಂಡು ಹೋದೆ.

ನನ್ನದು ಮೂರು ಸಾವಿರ ಬ್ರಾಯ್ಲರ್ ಕೋಳಿಯ ಶೆಡ್. ಕಂಪನಿ ಕರಾರಿಗೆ ಸೇರಿಲ್ಲ. ಮರಿ ನನ್ನದೇ, ಫೀಡ್ ಕಲಸುವುದೂ ನಾನೇ. ಕೋಳಿ ಸಾಕುವ ಖರ್ಚಿನಲ್ಲಿ ನೂರಕ್ಕೆ ಅರವತ್ತೈದು ಎಪ್ಪತ್ತು ರೂಪಾಯಿ ಫೀಡಿಗೇ ಹೋಗುತ್ತದೆ. ಶಕ್ತಿಗೆ ಮುಸುಕಿನ ಜೋಳ, ಪ್ರೋಟೀನಿಗೆ ಸೋಯಾ ಹಿಂಡಿ. ಎಳೆಮರಿಯ ಫೀಡಿನಲ್ಲಿ ಶೇ 22ರಷ್ಟಾದರೂ ಪ್ರೋಟೀನ್ ಇರಬೇಕು. ಆ ವರ್ಷ ಸೋಯಾ ಹಿಂಡಿ ಕೆಜಿಗೆ ನೂರು ರೂಪಾಯಿಯ ಹತ್ತಿರ ಹೋಯಿತು. ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಸೋಯಾದ ಹಿಂಡಿಯನ್ನು 12 ಲಕ್ಷ ಟನ್‌ವರೆಗೆ ಹೊರದೇಶದಿಂದ ತರಿಸಲು ಒಪ್ಪಿತು. ಅದು ಬಂದು ಇಳಿಯುವಷ್ಟರಲ್ಲಿ ನನ್ನ ಬ್ಯಾಚೇ ಮುಗಿದಿರುತ್ತಿತ್ತು.

ಒಣ ಹುಳುವಿನಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನ್. ಸೋಯಾ ಹಿಂಡಿಯಲ್ಲಿ ಶೇ 44ರಿಂದ 48. ಒಂದು ಕೆಜಿ ಕಚ್ಚಾ ರೇಷ್ಮೆ ತೆಗೆದರೆ ಎರಡು ಕೆಜಿಯಷ್ಟು ಒಣ ಹುಳು ಸಿಗುತ್ತದೆ. “ಬೇಗ ತಗೊಂಡೋಗಿ ಅಣ್ಣ, ಮೀನು ಸಾಕೋರು ಬಂದ್ರೆ ನಿಮಗೆ ಉಳಿಯಲ್ಲ” ಎಂದರು ರೀಲರ್ ಭಾಯಿ. ನೂರು ಕೆಜಿ ಫೀಡಿಗೆ ಹತ್ತು ಕೆಜಿ ಬೆರೆಸಿದೆ. ಕೋಳಿಗಳು ಮುಗಿಬಿದ್ದು ತಿಂದವು. ತೂಕವೂ ಬಂತು. ಮಾರಿದ ಮೂರನೇ ದಿನ ಚಿಕನ್ ಅಂಗಡಿಯವನ ಫೋನ್: “ಏನ್ ಸ್ವಾಮಿ, ಗಿರಾಕಿ ಸಾರಿನ ಪಾತ್ರೆನೇ ತಂದು ಇಟ್ಟವ್ರೆ. ಮೂಸಿ ನೋಡು ಅಂತಾರೆ!”

ತಪ್ಪು ನನ್ನದೇ. ಹುಳುವಿನಲ್ಲಿ ಕಾಲು ಭಾಗಕ್ಕೂ ಮೇಲೆ ಕೊಬ್ಬು. ಅರೆಬರೆ ಒಣಗಿದ್ದರೆ ಅದು ಕಮಟು ಹಿಡಿದು, ವಾಸನೆ ಮಾಂಸಕ್ಕೂ ಇಳಿಯುತ್ತದೆ. ಎಣ್ಣೆ ತೆಗೆದ ಪುಡಿಯಲ್ಲಿ ಆ ಕಾಟ ಕಡಿಮೆ, ಪ್ರೋಟೀನ್ ಶೇ 65 ದಾಟುತ್ತದೆ. ಈಗ ಅದನ್ನೇ ನೂರಕ್ಕೆ ನಾಲ್ಕು ಕೆಜಿ ಹಾಕುತ್ತೇನೆ. ಮಾರುವುದಕ್ಕೆ ಮುಂಚಿನ ಹತ್ತು ದಿನ ಅದೂ ಇಲ್ಲ.

ಆಮೇಲೆ ನನಗೆ ಪ್ರೋಟೀನ್ ಅಂಕಿ ಬರೆದ ಲ್ಯಾಬ್ ಚೀಟಿಯ ಮೇಲೇ ಗುಮಾನಿ ಶುರುವಾಯಿತು. ಲ್ಯಾಬಿನವರು ಸಾಮಾನ್ಯವಾಗಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಹುಳುವಿನ ಸಿಪ್ಪೆಯ ಕೈಟಿನ್‌ನಲ್ಲೂ ಸಾರಜನಕ ಇದೆ, ಕೋಳಿಗೆ ಅದು ಸರಿಯಾಗಿ ಅರಗುವುದಿಲ್ಲ. ಮೀನಿನ ಪುಡಿಗೆ ಯೂರಿಯಾ ಬೆರೆಸುವ ಪುಣ್ಯಾತ್ಮರ ಲೆಕ್ಕವೂ ಇದೇ: ಚೀಟಿಯಲ್ಲಿ ಅಂಕಿ ಏರುತ್ತದೆ, ಕೋಳಿ ಏರುವುದಿಲ್ಲ. ಕೋಳಿಗೆ ಬೇಕಾದದ್ದು ಲೈಸಿನ್, ಮೆಥಿಯೋನಿನ್‌ನಂಥ ಅಮೈನೋ ಆಮ್ಲಗಳು. ರೇಷ್ಮೆ ಹುಳುವಿನಲ್ಲಿ ಎರಡೂ ಚೆನ್ನಾಗಿವೆ. ಸೋಯಾದಲ್ಲಿ ಮೆಥಿಯೋನಿನ್ ಸಾಲದು, ಅದಕ್ಕೇ ಮೆಥಿಯೋನಿನ್ ಪುಡಿ ಕೊಂಡು ಸೇರಿಸುತ್ತೇವೆ. ಕಡಲೆಕಾಯಿ ಹಿಂಡಿಯಲ್ಲಿ ಎರಡೂ ಕಡಿಮೆ, ಮೇಲೆ ಬೂಷ್ಟಿನ ಭಯ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ ತಿಂದಿದ್ದವು. ಅಫ್ಲಾಟಾಕ್ಸಿನ್ ಎಂಬ ವಿಷ ಗೊತ್ತಾದದ್ದೇ ಆ ಸಾವಿನ ಬೆನ್ನು ಹತ್ತಿ.

ಕೋಳಿಗೆ ರೇಷ್ಮೆ ಹುಳುವೇ ಆಗಬೇಕೆಂದಿಲ್ಲ. ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳುವನ್ನು ಕೊಳೆತ ಹಣ್ಣು ತರಕಾರಿಯಲ್ಲೇ ಬೆಳೆಸಬಹುದು. ಹುಳುಗಳ ಪ್ರೋಟೀನನ್ನು ಕೋಳಿಗೆ ತಿನ್ನಿಸಲು ಐರೋಪ್ಯ ಒಕ್ಕೂಟ ಒಪ್ಪಿದ್ದು 2021ರಲ್ಲಿ. ನಮ್ಮ ತಿಪ್ಪೆಯ ನಾಟಿಕೋಳಿ ಯಾರನ್ನೂ ಕೇಳಿರಲಿಲ್ಲ.

ಈಗ ಹೆಚ್ಚು ಓಡುತ್ತಿರುವುದು ಡಿಡಿಜಿಎಸ್. ಎಥೆನಾಲ್ ಕಾರ್ಖಾನೆಯಲ್ಲಿ ಅಕ್ಕಿಯನ್ನೋ ಜೋಳವನ್ನೋ ಹುಳಿಸಿ, ಬಟ್ಟಿ ಇಳಿಸಿದ ಮೇಲೆ ಉಳಿಯುವ ಚರಟ. ಅಗ್ಗ. ಆದರೆ ಮೂಲ ಧಾನ್ಯಕ್ಕೆ ಬೂಷ್ಟಿದ್ದರೆ ಅದರ ವಿಷ ಇಲ್ಲಿ ಸುಮಾರು ಮೂರು ಪಟ್ಟಾಗಿರುತ್ತದೆ. ಒಣಗಿಸುವಾಗ ಶಾಖ ಮೀರಿದರೆ ಲೈಸಿನ್ ಸುಟ್ಟುಹೋಗುತ್ತದೆ, ಚೀಟಿಯ ಅಂಕಿ ಮಾತ್ರ ಹಾಗೇ ಇರುತ್ತದೆ. ಮೊನ್ನೆ ಬಂದ ಅಕ್ಕಿ ಡಿಡಿಜಿಎಸ್ ಲೋಡಿನ ಚೀಟಿಯಲ್ಲಿ 45 ಎಂದಿತ್ತು. ಚೀಲ ಬಿಚ್ಚಿ ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದೆ: ತಿಳಿ ಹೊಂಬಣ್ಣ ಇರಬೇಕಾದ್ದು ಕಾಫಿಪುಡಿಯಾಗಿತ್ತು. ಡ್ರೈವರಿಗೆ ಟೀ ಕುಡಿಸಿ ಲೋಡ್ ವಾಪಸ್ ಕಳಿಸಿದೆ.