ಮೊದಲ ರಾಸು ಯಾರದು?



ಕಾಲುಬಾಯಿ ಜ್ವರದ ಲಸಿಕೆ ಹಾಕುವ ದಿನ ನಮ್ಮ ಹಳ್ಳಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: 'ಮೊದ್ಲು ಅವ್ರ ಎಮ್ಮಿಗೆ ಹಾಕ್ರಿ ಸಾರ್, ಆಮೇಲೆ ನೋಡೋಣ.' ಹಿಂಜರಿಕೆಗೆ ಕಾರಣ ನಮಗೂ ಗೊತ್ತು. ಲಸಿಕೆಯ ನಂತರ ಎರಡು ಮೂರು ದಿನ ಹಾಲು ಸ್ವಲ್ಪ ಇಳಿಯಬಹುದು. ಅದು ಮತ್ತೆ ಏರುತ್ತದೆ. ಜ್ವರ ಬಂದು ಎದ್ದ ಆಕಳಿನ ಹಾಲು ಮಾತ್ರ ಎಷ್ಟೋ ಸಲ ಮೊದಲಿನಂತಾಗುವುದಿಲ್ಲ.

ನಾನೊಬ್ಬ ಬಿಟ್ಟರೆ ಏನಾಯಿತು ಎನ್ನಬೇಡಿ. ಬಾಯಲ್ಲಿ ಗುಳ್ಳೆ ಕಾಣುವ ಮೊದಲೇ ರೋಗಾಣು ಉಸಿರು, ಜೊಲ್ಲು, ಹಾಲಿನ ಮೂಲಕ ಹೊರಬೀಳುತ್ತಿರುತ್ತದೆ. ಕಂಪ್ಲಿಯ ಕಾಲುವೆ ಬದಿಯಾಗಲಿ, ಸಂಡೂರಿನ ಗುಡ್ಡದ ಅಂಚಾಗಲಿ, ಒಂದೂರಿನ ರಾಸುಗಳು ಮೇಯುವುದು, ನೀರು ಕುಡಿಯುವುದು ಒಟ್ಟಿಗೇ. 2013ರಲ್ಲಿ ರಾಜ್ಯದಲ್ಲಿ ಸಾವಿರಾರು ರಾಸುಗಳು ಈ ರೋಗಕ್ಕೆ ಬಲಿಯಾದವು.

ಮುಂದಾಳತನ ಬೇಕಾಗುವುದು ಇಲ್ಲಿಯೇ. ಸಂಘದ ಅಧ್ಯಕ್ಷರು, ನಿರ್ದೇಶಕರು ತಮ್ಮ ರಾಸನ್ನೇ ಮೊದಲು ಹಿಡಿದು ತರಲಿ. ಮೈಕಿನಲ್ಲಿ ನಾಲ್ಕು ಸಲ ಕೂಗಿಸುವುದಕ್ಕಿಂತ ಅದಕ್ಕೆ ಬೆಲೆ ಹೆಚ್ಚು. ಮನೆಯಲ್ಲಿಯೂ ಅಷ್ಟೇ. ಆಕಳು ಮೇವು ಬಿಟ್ಟದ್ದು, ಗಬ್ಬದ ತಿಂಗಳು ಗೊತ್ತಿರುವುದು ದಿನವೂ ಹಿಂಡುವ ತಾಯಂದಿರಿಗೆ. ಲಸಿಕೆ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಕಟ್ಟೆಯ ಮೇಲೆ ಕುಳಿತ ಗಂಡಸರು! ಹಿಂಡುವವರನ್ನು ಕೇಳಿ. ತುಂಬು ಗಬ್ಬದ ಅಥವಾ ಜ್ವರವಿರುವ ರಾಸು ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. 4 ತಿಂಗಳು ದಾಟಿದ ಕರುವನ್ನು ಮರೆಯಬೇಡಿ. ಅದಕ್ಕೆ ಮೊದಲ ಲಸಿಕೆಯಾದ ಒಂದು ತಿಂಗಳಿಗೆ ಇನ್ನೊಮ್ಮೆ, ಬಳಿಕ ಎಲ್ಲ ರಾಸುಗಳಂತೆ 6 ತಿಂಗಳಿಗೊಮ್ಮೆ ಹಾಕಿಸಿ.